ಪರೊಕ್ಕಲು

ರಾತ್ರಿ ಎರಡರ ಸುಮಾರಿಗೆ ಗೂಡಿನಲ್ಲಿಟ್ಟಿದ್ದ ಗಾಜಿನ ಲೋಟಕ್ಕೆ ಚಮಚ ತಾಗಿ ಟಿಣ್ ಎಂದಿತು. ಒಂದೇ ಸಲ. ನಮ್ಮದು ಬೆಕ್ಕಿಲ್ಲದ ಮನೆ, ಅವತ್ತು ಗಾಳಿಯೂ ಇರಲಿಲ್ಲ. ನನಗೆ ಎಚ್ಚರವಾಗಲಿಲ್ಲ, ಏಕೆಂದರೆ ನಿದ್ದೆಯೇ ಬಂದಿರಲಿಲ್ಲ. ಪಕ್ಕದಲ್ಲಿ ಅಮ್ಮನ ಉಸಿರು ಏರಿ ಇಳಿಯುತ್ತಿತ್ತು. "ಅಮ್ಮಾ, ಮನೆ ಹೊರಟಿತು" ಎಂದೆ. ಅಮ್ಮ ಮಗ್ಗುಲು ಬದಲಿಸಿ, "ಹೋಗ್ಲಿ ಬಿಡೇ, ನಮ್ಮನ್ನ ಬಿಟ್ಟು ಹೋಗ್ತಿಲ್ಲವಲ್ಲ" ಎಂದು ಮತ್ತೆ ಗೊರಕೆಗೆ ಇಳಿದಳು.

ನಮ್ಮೂರಿನ ಮನೆಗಳು ಒಂದೇ ಕಡೆ ನಿಲ್ಲುವುದಿಲ್ಲ. ಎಲ್ಲವೂ ಎಲ್ಲ ರಾತ್ರಿ ಹೊರಡುತ್ತವೆ ಎಂದಲ್ಲ. ಒಂದು ರಾತ್ರಿ ಮೂರು, ಇನ್ನೊಂದು ರಾತ್ರಿ ಹನ್ನೊಂದು, ಕೆಲವು ಸಲ ವಾರವಿಡೀ ಒಂದೂ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಎದುರಿಗೆ ಯಾರ ಜಗಲಿ ಇರುತ್ತದೋ ಅವರೇ ಅವತ್ತಿನ ಎದುರುಮನೆಯವರು. ಹುಟ್ಟಿನಿಂದ ಇದಕ್ಕೆ ಒಗ್ಗಿಕೊಂಡವರು ನಾವು. ಮಲ್ಲಿಗೆಯನ್ನು ಯಾರೂ ನೆಲದಲ್ಲಿ ನೆಟ್ಟು ಗೋಡೆಗೆ ಹಬ್ಬಿಸುವುದಿಲ್ಲ, ಕುಂಡದಲ್ಲಿಡುತ್ತೇವೆ. ಬಟ್ಟೆ ಒಣಹಾಕುವ ಹಗ್ಗದ ಎರಡು ತುದಿಯೂ ನಮ್ಮದೇ ಮನೆಯ ಮೊಳೆಗೆ. ಅಂಚೆಯವನು ಮನೆ ಹುಡುಕುವುದಿಲ್ಲ. ಚರ್ಚಿನ ಅಂಗಳದಲ್ಲಿ ನಿಂತು ಹೆಸರು ಕೂಗುತ್ತಾನೆ. ಕರೆಂಟಿನವರು ಒಮ್ಮೆ ಬಂದು ಮೀಟರು ಹಾಕಿದ್ದರು. ಮುಂದಿನ ತಿಂಗಳು ಬಂದು, ಯಾವ ಮೀಟರು ಯಾವ ಬೀದಿಯಲ್ಲಿ ಎಂದು ಮೂರು ದಿನ ಅಲೆದು, ಕೊನೆಗೆ ಯಾರದೋ ಮನೆಯಲ್ಲಿ ಚಹಾ ಕುಡಿದು ಹೋದವರು ಮತ್ತೆ ಇತ್ತ ಮುಖ ಹಾಕಿಲ್ಲ. ಹೆಣ್ಣು ಕೊಡುವಾಗ ಹುಡುಗನ ಕೆಲಸ, ಕುಡಿತ, ಅವನ ತಾಯಿಯ ಬಾಯಿ ಎಲ್ಲವನ್ನೂ ವಿಚಾರಿಸುತ್ತೇವೆ. ಯಾವ ಬೀದಿ ಎಂದು ಮಾತ್ರ ಕೇಳುವುದಿಲ್ಲ. ಜಗಳವನ್ನು ಅವತ್ತೇ ಮುಗಿಸಬೇಕು. ಇಲ್ಲದಿದ್ದರೆ ಮರುದಿನ ಬೈಯಲಿಕ್ಕೆ ಊರೆಲ್ಲ ಹುಡುಕಿಕೊಂಡು ನಡೆಯಬೇಕು, ಅಷ್ಟು ನಡೆಯುವಾಗ ಅರ್ಧ ಸಿಟ್ಟು ಇಳಿದಿರುತ್ತದೆ.

ಒಂದು ಪದ್ಧತಿಯನ್ನಂತೂ ಯಾರೂ ತಪ್ಪಿಸುವುದಿಲ್ಲ. ರಾತ್ರಿ ಬಂದವರು ಬೆಳಿಗ್ಗೆ ಪಕ್ಕದ ಬಾಗಿಲಲ್ಲಿ ನಿಂತು "ಪಕ್ಕಕ್ಕೆ ಬಂದಿದ್ದೀವಿ" ಎನ್ನಬೇಕು. ಮೊದಲಿದ್ದವರು "ಇರಿ" ಎಂದು ಒಂದು ಹಿಡಿ ಉಪ್ಪು, ಒಂದು ಸೌದೆ ಕೊಡಬೇಕು. ಗ್ಯಾಸ್ ಒಲೆ ಬಂದ ಮೇಲೂ ಸೌದೆ ನಿಂತಿಲ್ಲ. ತಂದು ಮೂಲೆಯಲ್ಲಿಟ್ಟು, ಮುಂದೆ ಬರುವವರಿಗೆ ಅದನ್ನೇ ಕೊಡುತ್ತೇವೆ. ಕಣ್ಣಿನಂಥ ಗಂಟಿರುವ ಒಂದು ಹಲಸಿನ ಸೌದೆಯಂತೂ ನಾನು ಶಾಲೆಗೆ ಹೋಗುವಾಗಿನಿಂದ ಊರು ಸುತ್ತುತ್ತಿದೆ. ಉಪ್ಪು ಕೊಟ್ಟು ತೆಗೆದುಕೊಂಡ ಮೇಲೆ ಆ ಮನೆಯ ಜ್ವರ, ಹೆರಿಗೆ, ಸಾವು ಎಲ್ಲವೂ ಎಡಬಲದ ಮನೆಯವರ ಪಾಲಿನದು. ನೆಂಟರು ಆಮೇಲೆ ಬರುತ್ತಾರೆ, ಬಂದರೆ.

ಆ ರಾತ್ರಿ ನನಗೆ ನಿದ್ದೆ ಬಾರದಿದ್ದುದಕ್ಕೆ ಕಾರಣವಿತ್ತು. ಮರುದಿನ ಬಿಷಪ್ಪರ ಕಚೇರಿಯಿಂದ ಫಾದರ್ ವಲೇರಿಯನ್ ಬರುವವರಿದ್ದರು. ಬರುವಂತೆ ಮಾಡಿದವಳು ನಾನು. ಒಂದೇ ಒಂದು ಪದದಿಂದ.

ಚರ್ಚಿನ ಕಚೇರಿಯಲ್ಲಿ ನನ್ನದು ಗುಮಾಸ್ತೆಯ ಕೆಲಸ, ಆರು ವರ್ಷದಿಂದ. ನನಗಿಂತ ಮೊದಲು ನಲವತ್ತು ವರ್ಷ ಅದನ್ನು ಮಾಡಿದವರು ಉಪದೇಶಿ ಚೌರಪ್ಪ. ಮಕ್ಕಳಿಗೆ ಜಪ ಕಲಿಸುವುದು, ಗಂಟೆ ಹೊಡೆಯುವುದು, ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳನ್ನು ಬರೆಯುವುದು ಎಲ್ಲ ಅವರದೇ. ಕಣ್ಣು ಮಂಜಾದ ಮೇಲೆ ಪುಸ್ತಕ ನನಗೆ ಬಂತು, ಗಂಟೆ ಅವರಲ್ಲೇ ಉಳಿಯಿತು. ಅವರು ಪ್ರತಿ ಪುಸ್ತಕದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಪರೊಕ್ಕಲು ಪುಸ್ತಕ" ಎಂದು ಬರೆದಿದ್ದರು. ಒಬ್ಬ ಗುರುಗಳ ಕೈಕೆಳಗಿನ ಜನಸಮೂಹಕ್ಕೆ ಬೇರೆ ಕಡೆ ಧರ್ಮಕೇಂದ್ರ ಎನ್ನುತ್ತಾರೆ, ಇಂಗ್ಲಿಷಿನವರು ಪ್ಯಾರಿಷ್ ಎನ್ನುತ್ತಾರೆ, ನಮ್ಮೂರಿನವರು ಪರೊಕ್ಕಲು ಎನ್ನುತ್ತಾರೆ. ಕಾಲೇಜಿಗೆಂದು ದೂರದ ಪಟ್ಟಣದಲ್ಲಿದ್ದಾಗ ಹಾಸ್ಟೆಲಿನಲ್ಲಿ ಒಮ್ಮೆ ಬಾಯಿತಪ್ಪಿ ಹಾಗೆಂದಿದ್ದೆ. "ಯಾವ ಹೊಲದ ಒಕ್ಕಲು ನೀವು?" ಎಂದು ಹುಡುಗಿಯರು ವರ್ಷವಿಡೀ ನಕ್ಕರು. ಅಂದಿನಿಂದ ನಾನು ಒಂದು ಪದ ಆಡುವ ಮುಂಚೆ ಅದನ್ನು ಬಾಯೊಳಗೇ ಎರಡು ಸಲ ತಿರುಗಿಸಿ ನೋಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಬಿಳಿ ಕಾಗದದ ಚೀಟಿಗಳನ್ನು ಕತ್ತರಿಸಿ, "ಧರ್ಮಕೇಂದ್ರ" ಎಂದು ಬರೆದು, ಎಲ್ಲ ರಟ್ಟುಗಳ ಮೇಲೂ ಅಂಟಿಸಿದೆ. ಚೌರಪ್ಪ ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಂಟು ಜಾಸ್ತಿ ಆಯ್ತು ಮಗಳೇ" ಎಂದರು, ಅಷ್ಟೇ.

ವರ್ಷಕ್ಕೊಮ್ಮೆ ಬಿಷಪ್ಪರ ಕಚೇರಿಗೆ ಒಂದು ವರದಿ ತುಂಬಿ ಕಳಿಸಬೇಕು. ಅದರ ಏಳನೆಯ ಕಲಮು "ಧರ್ಮಕೇಂದ್ರದ ಎಲ್ಲೆಗಳು". ಉತ್ತರಕ್ಕೆ ಯಾವ ಹಳ್ಳ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಬರೆಯುವ ಜಾಗ. ಚೌರಪ್ಪ ಮಾವ ನಲವತ್ತು ವರ್ಷವೂ ಅಲ್ಲಿ "ಎಂದಿನಂತೆ" ಎಂದು ಬರೆದಿದ್ದರು. ನಾನು ಐದು ವರ್ಷ ಮನಸ್ಸಿಲ್ಲದ ಮನಸ್ಸಿನಿಂದ ಅದನ್ನೇ ಬರೆದೆ. ಆರನೆಯ ವರ್ಷ ನಮ್ಮ ಗುರುಗಳು ವರ್ಗವಾಗಿ ಹೋಗಿದ್ದರು, ಹೊಸಬರು ಬಂದಿರಲಿಲ್ಲ, ವರದಿಗೆ ನಾನೇ ಸಹಿ ಮಾಡಬೇಕಾಯಿತು. ಸಹಿ ನನ್ನದೆಂದ ಮೇಲೆ ಮಾತೂ ನನ್ನದೇ ಅಲ್ಲವೇ? ಮೂರು ದಿನ ಯೋಚಿಸಿ, ಏಳನೆಯ ಕಲಮಿನಲ್ಲಿ "ಇಲ್ಲ" ಎಂದು ಬರೆದೆ.

ಒಂದೂವರೆ ತಿಂಗಳಿಗೆ ಕಾಗದ ಬಂತು. ಎಲ್ಲೆಗಳಿಲ್ಲದ ಘಟಕವನ್ನು ಧರ್ಮಕೇಂದ್ರವೆಂದು ಮುಂದುವರಿಸಲು ಬರುವುದಿಲ್ಲ. ಪರಿಶೀಲನೆಗೆ ಒಬ್ಬರು ಬರುತ್ತಾರೆ. ಅಲ್ಲಿಯವರೆಗೆ ಹೊಸ ಗುರುಗಳ ನೇಮಕವನ್ನು ತಡೆಹಿಡಿಯಲಾಗಿದೆ. ಅಂದರೆ ನಮ್ಮೂರು ನಲವತ್ತು ಮೈಲಿ ಆಚೆಯ ಇನ್ನೊಂದು ಊರಿನ ಉಪಕೇಂದ್ರವಾಗುತ್ತದೆ. ತಿಂಗಳಿಗೊಂದು ಪೂಜೆ. ಪುಸ್ತಕಗಳೆಲ್ಲ ಅಲ್ಲಿಗೆ. ನಮ್ಮ ಹುಟ್ಟು, ಮದುವೆ, ಸಾವುಗಳನ್ನು ನಮ್ಮ ಮುಖ ಕಾಣದವರು ಬರೆದುಕೊಳ್ಳುತ್ತಾರೆ.

ಊರಿನವರು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಮ್ಮ ಮಾತ್ರ ರೊಟ್ಟಿ ತಟ್ಟುತ್ತಾ ಹೇಳಿದಳು: "ನಿನಗೆ 'ಇಲ್ಲ' ಅನ್ನೋದು ಹುಟ್ಟಿನಿಂದ ಬಂದಿದ್ದು ಕಣೇ. ಹಾಲು ಕುಡೀತೀಯಾ ಅಂದ್ರೆ ಇಲ್ಲ. ಮದುವೆ ಆಗ್ತೀಯಾ ಅಂದ್ರೆ ಇಲ್ಲ. ಈಗ ಬಿಷಪ್ಪರಿಗೂ ಇಲ್ಲ ಅಂದ್ಯಾ?"

ಚೌರಪ್ಪ ಮಾವ ಮೆಲ್ಲಗೆ ಕೇಳಿದರು: "'ಎಂದಿನಂತೆ' ಅನ್ನೋದರಲ್ಲಿ ಸುಳ್ಳೇನಿತ್ತು ಮಗಳೇ? ಎಂದಿನಂತೆ ಎಲ್ಲೆ ಇಲ್ಲ. ಎಂದಿನಂತೆ ಬೇಕಾಗೂ ಇಲ್ಲ."

ನಾನು ವರದಿಯ ನಕಲು ತೆಗೆದು ಏಳನೆಯ ಕಲಮನ್ನು ಮತ್ತೆ ಓದಿದೆ.

ಫಾದರ್ ವಲೇರಿಯನ್ ಹನ್ನೊಂದು ಗಂಟೆಯ ಬಸ್ಸಿಗೆ ಬಂದರು. ಐವತ್ತರ ಆಸುಪಾಸು, ತೆಳ್ಳನೆಯ ಮೈ, ಹೆಗಲಲ್ಲೊಂದು ಚೀಲ, ಕೈಯಲ್ಲಿ ನಮ್ಮೂರಿನದೊಂದು ಸೌದೆ. ಕಚೇರಿಯ ಬಾಗಿಲಲ್ಲಿ ನಿಂತು, "ಆಗ್ನೇಸ್ ಅಂದ್ರೆ ನೀವೇನಾ?" ಎಂದರು. "ಚರ್ಚಿನಿಂದ ಬಲಕ್ಕೆ ಎರಡನೇ ಮನೆ ಅಂತ ಬರೆದಿದ್ರಿ. ಅಲ್ಲಿ ಹೋಗಿ ಬಾಗಿಲು ತಟ್ಟಿದೆ. ಒಬ್ಬ ಅಜ್ಜಿ ಬಂದು, ನಾನು ಬಾಯಿ ತೆಗೆಯೋಕೆ ಮುಂಚೆ 'ಇರಿ' ಅಂದು, ಉಪ್ಪು ಕೊಟ್ಟು, ಇದನ್ನೂ ಕೊಟ್ಟು ಒಳಗೆ ಹೋದರು. ನನ್ನ ಮುಖ ನೋಡಿದ್ರೆ ಅಷ್ಟು ಬಡವ ಅನ್ಸುತ್ತಾ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. "ಇಲ್ಲ ಫಾದರ್. ಕಾಗದ ಬರೆದಾಗ ನಮ್ಮ ಮನೆ ಅಲ್ಲೇ ಇತ್ತು. ನಿನ್ನೆ ರಾತ್ರಿ..." ಎಂದು ನಿಲ್ಲಿಸಿದೆ.

"ಹೂಂ. ಕೇಳಿದ್ದೆ" ಎಂದರು. ನಂಬದೆ ಕೇಳಿಸಿಕೊಂಡವರ ದನಿ ಅದು.

ಅವರನ್ನು ಚರ್ಚಿನ ಬೆನ್ನಿಗೆ ಅಂಟಿಕೊಂಡಿರುವ ಗುರುಮನೆಯಲ್ಲಿ ಇಳಿಸಿದೆವು. ಅವರದು ಶಿಸ್ತಿನ ಕೆಲಸ. ದೊಡ್ಡ ಹಾಳೆ, ಅಳತೆಯ ಟೇಪು, ಆರು ಬಣ್ಣದ ಪೆನ್ಸಿಲು. ಆ ಮಧ್ಯಾಹ್ನವೆಲ್ಲ ನಾನು ಟೇಪಿನ ಒಂದು ತುದಿ ಹಿಡಿದು ಅವರ ಹಿಂದೆ ನಡೆದೆ. ಬೀದಿಗೊಂದು ಬಣ್ಣ, ಮನೆಗೊಂದು ಚೌಕ, ಚೌಕದೊಳಗೆ ಯಜಮಾನರ ಹೆಸರು. ಜನ ಬಾಗಿಲಿಗೆ ಬಂದು, "ಸ್ತೋತ್ರ ಸ್ವಾಮಿ" ಎಂದು ಕೈಮುಗಿದು, ಹೆಸರು ಹೇಳಿ, ಹಾಳೆಯನ್ನು ಇಣುಕಿ, "ಚೆನ್ನಾಗಿ ಬರೆದಿದ್ದೀರಿ, ಇವತ್ತು ಹೀಗೇ ಇದೆ" ಎಂದು ಹೊಗಳಿದರು. ಸಂಜೆಯ ಹೊತ್ತಿಗೆ ನೂರ ನಲವತ್ತಮೂರು ಮನೆಗಳು ಹಾಳೆಯ ಮೇಲೆ ಬಂದಿದ್ದವು. ಸುತ್ತ ಒಂದು ಕಪ್ಪು ಗೆರೆ ಎಳೆದು, "ನೋಡಿ, ಎಲ್ಲೆ. ಇಷ್ಟೇ ಕೆಲಸ" ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು, ನಮ್ಮ ಒಳಿತನ್ನೇ ಬಯಸಿದ್ದರು.

ಆ ರಾತ್ರಿ ಹದಿನೇಳು ಮನೆ ಹೊರಟವು.

ಬೆಳಿಗ್ಗೆ ಅವರು ಗುರುಮನೆಯ ಮೆಟ್ಟಿಲ ಮೇಲೆ ಹಾಳೆ ಹಿಡಿದು ನಿಂತಿದ್ದರು. ಹಿಂದಿನ ದಿನ ಕೆಂಪು ಬೀದಿಯ ಕಟ್ಟಕಡೆಯಲ್ಲಿದ್ದ ಮನೆ ಈಗ ಅವರ ಮೂಗಿನ ಮುಂದೆಯೇ ಒಗ್ಗರಣೆ ಹಾಕುತ್ತಿತ್ತು. ಕಪ್ಪು ಗೆರೆಯ ಆಚೆ, ಬಯಲಿನಲ್ಲಿ, ನಾಲ್ಕು ಮನೆಗಳು ಹೆಂಚಿನ ಮೇಲೆ ಇಬ್ಬನಿ ಹೊತ್ತು ಕೂತಿದ್ದವು. ಅವರು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ, ಕೆಂಪು ಬೀದಿಯ ಮನೆಯಾಕೆ ಬಂದು, "ಪಕ್ಕಕ್ಕೆ ಬಂದಿದ್ದೀವಿ ಸ್ವಾಮಿ" ಎಂದಾಗ ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು. ನಾನು ಒಳಗಿಂದ ಉಪ್ಪನ್ನೂ ಅವರದೇ ಸೌದೆಯನ್ನೂ ತಂದುಕೊಟ್ಟೆ. ಅವರು ಕೊಟ್ಟರು. "ಇರಿ ಅನ್ನಿ ಫಾದರ್" ಎಂದು ಪಿಸುಗುಟ್ಟಿದೆ. "ಇರಿ" ಎಂದರು.

ಸಂಜೆ ಕಚೇರಿಗೆ ಬಂದು ಕೂತಾಗ ಸುಸ್ತಾಗಿದ್ದರು. "ನೋಡಿ ಆಗ್ನೇಸ್ ಅವರೇ, ಕಣ್ಣಾರೆ ಕಂಡೆ. ಆದರೆ ಕಂಡಿದ್ದನ್ನ ಬರೆದರೆ ನಾಳೆ ನನ್ನನ್ನೇ ಆಸ್ಪತ್ರೆಗೆ ಕಳಿಸ್ತಾರೆ. ಅವರು ಕೇಳೋದು ಒಂದೇ. ಎಲ್ಲಿಂದ ಎಲ್ಲಿಯವರೆಗೆ ನಿಮ್ಮ ಜನ? ಅದಕ್ಕೆ ಉತ್ತರ ಇಲ್ಲದಿದ್ದರೆ ನಾಳೆ ಸಂಜೆ ಬಸ್ಸಿಗೆ ಪುಸ್ತಕ ಕಟ್ಟಿಕೊಂಡು ಹೋಗಬೇಕಾಗುತ್ತೆ. ನನಗೂ ಇಷ್ಟ ಇಲ್ಲ."

ಅವರು ಹೋದ ಮೇಲೆ ಚೌರಪ್ಪ ಮಾವ ಬಂದರು. ಬೀರುವಿನ ಮುಂದೆ ಸ್ಟೂಲು ಹಾಕಿ ಕೂತು, ಪುಸ್ತಕಗಳನ್ನು ಒಂದೊಂದಾಗಿ ಮಡಿಲಿಗೆ ತೆಗೆದುಕೊಂಡರು. ಕಣ್ಣು ಕಾಣದಿದ್ದರೂ ಯಾವ ಪುಸ್ತಕ ಯಾವುದೆಂದು ಅಂಚು ಮುಟ್ಟಿಯೇ ಹೇಳುತ್ತಿದ್ದರು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ನನ್ನ ಬಿಳಿ ಚೀಟಿಯ ಮೂಲೆಯನ್ನು ಎಬ್ಬಿಸತೊಡಗಿದರು.

"ಏನು ಮಾಡ್ತಿದ್ದೀರಿ ಮಾವ?"

"ಹೋಗೋದೇ ಆದ್ರೆ ಹುಟ್ಟಿದ ಹೆಸರಲ್ಲೇ ಹೋಗಲಿ. ನಿನ್ನ ಚೀಟಿ ನೀನೇ ಇಟ್ಕೊ" ಎಂದು ಹರಿದು ನನ್ನ ಕೈಗೆ ಕೊಟ್ಟರು. ಕೋಪವಿರಲಿಲ್ಲ. ಹಳದಿಯಾದ ರಟ್ಟಿನ ಮೇಲೆ ಅವರ ಅಕ್ಷರ ಹಾಗೆಯೇ ಇತ್ತು: ಪರೊಕ್ಕಲು.

ಅವರು ಹೋದ ಮೇಲೂ ನಾನು ಅದನ್ನೇ ನೋಡುತ್ತಾ ಕೂತೆ. ಆರು ವರ್ಷದಲ್ಲಿ ನಾನು ಆ ಪದವನ್ನು ಮುಚ್ಚಿದ್ದೆ, ಒಮ್ಮೆಯೂ ವಿಚಾರಿಸಿರಲಿಲ್ಲ. ಪದಗಳ ವಿಷಯದಲ್ಲಿ ಎಚ್ಚರದವಳು ಎಂದುಕೊಂಡವಳು ನಾನು! ಗುರುಮನೆಯ ಕಪಾಟಿನಲ್ಲಿ ಹಿಂದಿನ ಯಾರೋ ಗುರುಗಳು ಬಿಟ್ಟುಹೋದ, ರಟ್ಟಿಲ್ಲದ ಒಂದು ದೊಡ್ಡ ನಿಘಂಟಿತ್ತು. ಪ್ರತಿ ಪದ ಎಲ್ಲಿಂದ ಬಂತೆಂದು ಸಣ್ಣ ಅಕ್ಷರದಲ್ಲಿ ಕೊಡುವಂಥದ್ದು. ತಂದು 'ಪ್ಯಾರಿಷ್' ತೆಗೆದೆ. ಒಮ್ಮೆ ಓದಿದೆ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ.

ಮರುದಿನ ಮಧ್ಯಾಹ್ನ ಫಾದರ್ ವಲೇರಿಯನ್ ಪುಸ್ತಕ ಕಟ್ಟಲು ಗೋಣಿದಾರ ಹಿಡಿದೇ ಬಂದರು. ಚೌರಪ್ಪ ಮಾವ ಮೂಲೆಯಲ್ಲಿದ್ದರು. ಅಮ್ಮ ಕಾಫಿ ತಂದವಳು, ಲೋಟ ತೆಗೆದುಕೊಂಡು ಹೋಗುವ ನೆಪದಲ್ಲಿ ಅಲ್ಲೇ ಕೂತಿದ್ದಳು.

"ಫಾದರ್, ಒಂದು ಪದದ ವಿಷಯ ಹೇಳಬಹುದಾ?" ಎಂದೆ. ನಿಘಂಟನ್ನು ಅವರ ಮುಂದಿಟ್ಟೆ. "ಪ್ಯಾರಿಷ್ ಅನ್ನೋದು ಲ್ಯಾಟಿನ್ನಿಂದ ಬಂದಿದೆ, ಲ್ಯಾಟಿನ್ನಿಗೆ ಗ್ರೀಕಿನಿಂದ. ಪಾರಾ ಅಂದ್ರೆ ಪಕ್ಕ. ಓಯ್ಕೋಸ್ ಅಂದ್ರೆ ಮನೆ. ಪರೋಯ್ಕಿಯ: ಪಕ್ಕದಲ್ಲಿ ಮನೆ ಮಾಡಿಕೊಂಡಿರೋದು. ತಮ್ಮದಲ್ಲದ ಊರಿನಲ್ಲಿ, ಹಕ್ಕಿಲ್ಲದೆ, ಇನ್ನೊಬ್ಬರ ಪಕ್ಕದಲ್ಲಿ ಬದುಕೋ ಪರಸ್ಥಳದವರಿಗೆ ಆ ಪದ. ಮೊದಲ ಕಾಲದ ಕ್ರೈಸ್ತರು ತಮ್ಮನ್ನ ಹಾಗೆ ಕರ್ಕೊಂಡರು. ನಾವು ಇಲ್ಲಿ ನೆಲೆಯವರಲ್ಲ, ತಂಗಿದವರು ಅಂತ. ಎಲ್ಲೆ, ಗೆರೆ, ಹಳ್ಳ, ರಸ್ತೆ ಎಲ್ಲ ಎಷ್ಟೋ ನೂರು ವರ್ಷ ಆದಮೇಲೆ ಅದಕ್ಕೆ ಅಂಟಿಕೊಂಡಿದ್ದು. ಪದದೊಳಗೆ ಗೆರೆ ಇಲ್ಲ ಫಾದರ್. ಪಕ್ಕ ಇದೆ, ಮನೆ ಇದೆ, ಅಷ್ಟೇ."

ನಾನು ಚೌರಪ್ಪ ಮಾವನ ಪುಸ್ತಕವನ್ನು ಫಾದರ್ ಕಡೆಗೆ ತಿರುಗಿಸಿದೆ. "ನಮ್ಮೂರಲ್ಲಿ ಇದಕ್ಕೆ ಪರೊಕ್ಕಲು ಅಂತಾರೆ. ಹಿಂದೆ ಬಂದ ಪಾದ್ರಿಗಳು ಪರೋಕಿಯ ಅಂದಿರಬೇಕು. ನಮ್ಮ ಕಿವಿಗೆ ಅದು ಪರ, ಒಕ್ಕಲು ಅಂತ ಕೇಳಿಸಿದೆ. ಪರಸ್ಥಳದ ಒಕ್ಕಲು. ಗ್ರೀಕಿನ ಓಯ್ಕೋಸಿಗೂ ನಮ್ಮ ಒಕ್ಕಲಿಗೂ ಸಂಬಂಧ ಇದೆ ಅಂತ ನಾನು ಹೇಳೋದಿಲ್ಲ. ಅದು ಬರೀ ಆಕಸ್ಮಿಕ. ಆದರೆ ತಪ್ಪಾಗಿ ಕೇಳಿಸಿಕೊಂಡೂ ನಮ್ಮವರು ಅರ್ಥವನ್ನ ಸರಿಯಾಗೇ ಹಿಡ್ಕೊಂಡರು. ನಾನು ಓದಿದವಳು, ಅದರ ಮೇಲೆ ಚೀಟಿ ಅಂಟಿಸಿದೆ."

"ಅಂಟು ಜಾಸ್ತಿ ಹಾಕಿ" ಎಂದರು ಚೌರಪ್ಪ ಮಾವ ಮೂಲೆಯಿಂದ.

ಫಾದರ್ ವಲೇರಿಯನ್ ನಿಘಂಟಿನ ಮೇಲೆ ಬಾಗಿ ಓದುತ್ತಿದ್ದರು. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ. ಆಮೇಲೆ ತಮ್ಮಷ್ಟಕ್ಕೇ ನಕ್ಕರು. "ಸೆಮಿನರಿಯಲ್ಲಿ ಒಬ್ಬ ಮುದುಕ ಗುರುಗಳು ನಮಗೆ ಲ್ಯಾಟಿನ್ ಹೇಳ್ತಿದ್ದರು. ಗ್ರೀಕಿನ ಪದ ಲ್ಯಾಟಿನ್ನಿಗೆ ಬಂದಾಗ ರೂಪ ಸ್ವಲ್ಪ ಕೆಟ್ಟಿತು. ಯಾಕೆ ಅಂದ್ರೆ ಅಲ್ಲಿ ಮೊದಲೇ ಇನ್ನೊಂದು ಪದ ಇತ್ತು, ಪಾರೋಕಸ್ ಅಂತ, ಅದರ ಜೊತೆ ಇದು ಬೆರೆತು ಹೋಗಿರಬಹುದು ಅಂತ ಅವರು ಹೇಳ್ತಿದ್ದ ನೆನಪು. ಈಗಲೂ ನಮ್ಮ ಧರ್ಮಸಭೆಯ ಕಾನೂನಿನಲ್ಲಿ ಧರ್ಮಕೇಂದ್ರದ ಗುರುವಿಗೆ ಅದೇ ಹೆಸರು. ಆ ಕಾಲದ ರೋಮಿನಲ್ಲಿ ಪಾರೋಕಸ್ ಅಂದ್ರೆ ಯಾರು ಗೊತ್ತಾ? ದಾರಿಯಲ್ಲಿ ಬಂದು ತಂಗಿದ ಅಧಿಕಾರಿಗಳಿಗೆ ಬೇಕಾದ್ದು ಒದಗಿಸೋನು." ಅವರು ನನ್ನ ಮುಖ ನೋಡಿದರು. "ಏನೇನು ಕೊಡಬೇಕಿತ್ತು ಅಂತ ಕೂಡ ಅವರು ಹೇಳಿದ್ದರು. ಸೌದೆ. ಉಪ್ಪು."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಮೈಮೇಲೆ ಮುಳ್ಳೆದ್ದವು. ಎಲ್ಲಿಯ ರೋಮು, ಎಲ್ಲಿಯ ನಮ್ಮೂರಿನ ಹಲಸಿನ ಸೌದೆ! ಇದೂ ಆಕಸ್ಮಿಕವೇ ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಇರಲಿ. ಹಾಸ್ಟೆಲಿನ ಆ ಹುಡುಗಿಯರನ್ನೆಲ್ಲ ಆ ಕಚೇರಿಗೆ ಕರೆತಂದು ಸಾಲಾಗಿ ಕೂರಿಸಬೇಕೆನಿಸಿತು.

ಚೌರಪ್ಪ ಮಾವ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಸ್ವಾಮಿ, ಎಂಟು ತಿಂಗಳಿಂದ ನಮಗೆ ಉಪ್ಪು ಸೌದೆ ಕೊಡೋನೇ ಇಲ್ಲ. ಅದನ್ನೂ ಬರ್ಕೊಳ್ಳಿ."

ಫಾದರ್ ನಗುತ್ತಲೇ ಜ್ಞಾನಸ್ನಾನದ ಪುಸ್ತಕ ತೆರೆದರು. ಪ್ರತಿ ಮಗುವಿನ ಹೆಸರಿನ ಮುಂದೆ ತಂದೆ, ತಾಯಿ, ಜ್ಞಾನಪೋಷಕರು. ಆಮೇಲೆ ವಿಳಾಸದ ಕಲಮು. ಅದರಲ್ಲಿ ಬೀದಿಯಿಲ್ಲ, ಮನೆಸಂಖ್ಯೆಯಿಲ್ಲ. "ಎಡಕ್ಕೆ ಇನಾಸಪ್ಪ, ಬಲಕ್ಕೆ ಸೂಸೆಮ್ಮ." "ಎಡಕ್ಕೆ ಬಯಲು, ಬಲಕ್ಕೆ ಮೀರಾಸಾಬರು." "ಎಡಕ್ಕೆ ಗುರುಸಿದ್ದಪ್ಪ, ಬಲಕ್ಕೆ ರಾಯಪ್ಪ." ಮಗು ನೀರು ಹಾಕಿಸಿಕೊಂಡ ದಿನ ಅದರ ಎಡಬಲದಲ್ಲಿ ಯಾರಿದ್ದರೋ ಅವರ ಹೆಸರು. ನಲವತ್ತು ವರ್ಷ ಚೌರಪ್ಪ ಮಾವ, ಆರು ವರ್ಷ ನಾನು. ಅದಕ್ಕೂ ಹಿಂದೆ ಹೆಸರು ತಿಳಿಯದ ಯಾರೋ. ಆ ಕಲಮನ್ನು ಮಾತ್ರ ನಾನು ತಿದ್ದಲು ಹೋಗಿರಲಿಲ್ಲ.

ಅವರು ಹಾಳೆ ತಿರುವುತ್ತಾ ಹೋದರು. "ನಮ್ಮವರಲ್ಲದವರ ಹೆಸರೂ ಇದೆಯಲ್ಲ?"

"ಪಕ್ಕದಲ್ಲಿದ್ದರಲ್ಲ ಸ್ವಾಮಿ" ಎಂದಳು ಅಮ್ಮ. "ಇವಳು ಹುಟ್ಟಿದಾಗ ಬಿಸಿನೀರು ಕಾಸಿದ್ದು ಮೀರಾಸಾಬರ ಹೆಂಡತಿ. ಬರೀಬೇಡ ಅನ್ನಕ್ಕಾಗತ್ತಾ?"

ಅವರು ಪುಸ್ತಕ ಮುಚ್ಚಿ, ಗೋಣಿದಾರವನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದರು. ಪೆನ್ನು ತೆಗೆದರು. ಅರ್ಧ ಗಂಟೆ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಗೆ ಪೆನ್ನಿನ ತುದಿ ಕಚ್ಚಿಕೊಂಡು ಕೂತರು. "ಪದದ ಮೂಲ, ಪದ್ಧತಿ, ಪುಸ್ತಕ ಎಲ್ಲ ಬರೆದೆ. ಒಳ್ಳೆಯದಾಗೇ ಬಂದಿದೆ. ಆದರೆ ಮೇಲಿನವರಿಗೆ ಹಿಡಿದುಕೊಳ್ಳೋಕೆ ಒಂದು ಗೂಟ ಬೇಕು. ಪಕ್ಕ ಅಂದ್ರೆ ಯಾವುದರ ಪಕ್ಕ? ಈ ಊರಲ್ಲಿ ಅಲ್ಲಾಡದ್ದು ಒಂದಾದರೂ ಇದೆಯಾ?"

ಚೌರಪ್ಪ ಮಾವ ಕೆಮ್ಮಿದರು. ನಾನು ಕೂಡಲೇ, "ಚರ್ಚು ಫಾದರ್" ಎಂದೆ.

"ಖಚಿತವಾ?"

"ಖಚಿತ." ಹಾಸ್ಟೆಲ್ ಬಿಟ್ಟ ಮೇಲೆ ಒಂದು ಪದವನ್ನು ತಿರುಗಿಸಿ ನೋಡದೆ ಆಡಿದ್ದು ಅದೊಂದೇ ಸಲ.

ಅವರ ಮುಖ ಅರಳಿತು. ಬರೆದರು: "ದೇವಾಲಯವು ಸ್ಥಿರವಾಗಿದ್ದು, ಎಂದೂ ಸ್ಥಳ ಬದಲಿಸಿರುವುದಿಲ್ಲ, ಬದಲಿಸುವುದೂ ಇಲ್ಲ. ಅದರ ಪಕ್ಕದಲ್ಲಿ ಬಾಳುವವರೇ ಈ ಧರ್ಮಕೇಂದ್ರ. ಮೂಲ ಅರ್ಥದಲ್ಲಿ ಪರೊಕ್ಕಲು." ಕೆಳಗೆ ಸಹಿ ಮಾಡಿ, ಸಾಕ್ಷಿಯಾಗಿ ನನ್ನ ಸಹಿ ಕೇಳಿದರು. ನಾನೂ ಹಾಕಿದೆ. "ಹಬ್ಬದೊಳಗೆ ನಿಮಗೊಬ್ಬ ಗುರುಗಳನ್ನ ಕಳಿಸೋ ಹಾಗೆ ನೋಡ್ಕೋತೀನಿ" ಎಂದು ಸಂಜೆಯ ಬಸ್ಸಿಗೆ ಹೊರಟರು. ಬಸ್ಸು ಹತ್ತುವಾಗ ಅವರ ಚೀಲದಿಂದ ಒಂದು ಸೌದೆಯ ತುದಿ ಇಣುಕುತ್ತಿತ್ತು. ಯಾರು ಕೊಟ್ಟರೋ.

ಆ ಸಂಜೆ ನಾನು ಉಳಿದೆಲ್ಲ ರಟ್ಟುಗಳಿಂದ ಚೀಟಿಗಳನ್ನು ಒದ್ದೆಬಟ್ಟೆಯಿಂದ ತೆಗೆದೆ. ಸುದ್ದಿ ಆಗಲೇ ಹರಡಿತ್ತು. ಬಾಗಿಲು ಬಾಗಿಲಿನಿಂದ ಹೆಂಗಸರು ಕೂಗಿ ಕೇಳಿದರು: "ಆಗ್ನೇಸಮ್ಮಾ, ಗ್ರೀಕಿನವರೂ ನಮ್ಮ ಹಾಗೇ ಮಾತಾಡ್ತಿದ್ದರಂತೆ?" ಹಾಗಲ್ಲ, ಅದು ಬೇರೆ ಎಂದು ವಿವರಿಸಲು ಹೊರಟು, ಬಿಟ್ಟುಬಿಟ್ಟೆ. ಅಮ್ಮನಂತೂ ಎದುರು ಸಿಕ್ಕವರಿಗೆಲ್ಲ, "ನಮ್ಮ ಹುಡುಗಿ ಸ್ವಾಮಿಗಳಿಗೇ ಪಾಠ ಹೇಳಿದಳು" ಎಂದಳು. ನಾನು ತಡೆಯಲಿಲ್ಲ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ. ಯಾವ ಮನೆ ಹೊರಟಿತೋ, ಏನು ಸದ್ದಾಯಿತೋ, ನನಗೆ ತಿಳಿಯದು.

ಬೆಳಿಗ್ಗೆ ಐದೂವರೆಗೆ ಚರ್ಚಿನ ಅಂಗಳ ಗುಡಿಸಲು ಹೋದೆ. ಹತ್ತಿರದಲ್ಲಿರುವ ಮನೆಯವರ ಸರದಿ ಅದು, ಅವತ್ತು ನಮ್ಮದು. ಪಶ್ಚಿಮದ ಗೋಡೆಯ ಬುಡಕ್ಕೆ ಬಂದಾಗ ಪೊರಕೆ ನಿಂತಿತು.

ಗೋಡೆಯುದ್ದಕ್ಕೂ ಒಂದು ಮೊಳ ಅಗಲದ ಪಟ್ಟಿಯಲ್ಲಿ ಕಪ್ಪು ಒದ್ದೆ ಮಣ್ಣು ಕಾಣುತ್ತಿತ್ತು. ಹುಲ್ಲಿಲ್ಲ, ಕಸವಿಲ್ಲ. ಎಂದೂ ಬೆಳಕು ಕಾಣದ, ನೂಲಿನಂಥ ಬಿಳಿ ಬೇರುಗಳು. ಎರಡು ಎರೆಹುಳುಗಳು ದಿಕ್ಕೆಟ್ಟು ಹೊರಳುತ್ತಿದ್ದವು. ನಾನು ಪೊರಕೆ ಅಲ್ಲೇ ಬಿಟ್ಟು ಓಡುತ್ತಾ ಪೂರ್ವದ ಕಡೆ ಹೋದೆ. ಅಲ್ಲಿ ಗೋಡೆಯ ಬುಡದಲ್ಲಿದ್ದ ಕರ್ಣಕುಂಡಲದ ಹೂಗಿಡಗಳ ಸಾಲು ಇರಲಿಲ್ಲ. ಅಡಿಪಾಯದ ಕಲ್ಲಿನ ಕೆಳಗಿಂದ ಒಂದು ಗುಲಾಬಿ ಬಣ್ಣದ ಹೂವು ಮಾತ್ರ ಅರ್ಧ ಹೊರಗಿತ್ತು.

ಮೊದಲು ಬಂದದ್ದು ಹೆದರಿಕೆ. ನನ್ನ ಸಹಿ ಇನ್ನೂ ದಾರಿಯಲ್ಲಿತ್ತು. ಬಿಷಪ್ಪರ ಕಚೇರಿ ತಲುಪಿರಲಿಕ್ಕಿಲ್ಲ. ಒಂದು ತಾರೀಖು ತಪ್ಪಾದರೂ ತಿದ್ದುಪಡಿ ಬರೆದು ಕಳಿಸುವವಳು ನಾನು. ಕಚೇರಿಯ ಡ್ರಾಯರಿನಲ್ಲಿ ಇನ್‌ಲ್ಯಾಂಡ್ ಲೆಟರುಗಳಿದ್ದವು. "ಮಾನ್ಯ ಫಾದರ್, ನಾನು ಸಾಕ್ಷಿ ಹಾಕಿದ ಹೇಳಿಕೆಯಲ್ಲಿ ಒಂದು ಮೊಳದಷ್ಟು" ಎಂದು ಒಕ್ಕಣೆ ಕೂಡ ತಲೆಯಲ್ಲಿ ತಾನಾಗಿ ಬರೆದುಕೊಂಡಿತು. ಆ ಕಾಗದ ಹೋದರೆ ಗೂಟ ಕಿತ್ತಂತೆ. ಪುಸ್ತಕಗಳು ಹೋಗುತ್ತವೆ. ಈ ಸಲ ಯಾವ ಪದವೂ ಅವನ್ನು ಉಳಿಸಲಾರದು.

ಮತ್ತೆ ಪಶ್ಚಿಮಕ್ಕೆ ಬಂದು ನಿಂತೆ. ಆ ಕಡೆಯ ಮನೆಗೂ ಚರ್ಚಿಗೂ ನಡುವಿನ ಜಾಗ ಒಂದು ಮೊಳ ಹೆಚ್ಚಾಗಿತ್ತು. ಬಸ್ಸಿನಲ್ಲಿ ಮಗು ಎತ್ತಿಕೊಂಡವಳು ಹತ್ತಿದಾಗ, ಕಿಟಕಿಯ ಬಳಿ ಕೂತವಳು ಏನೂ ಮಾತಾಡದೆ ಸರಿದುಕೊಳ್ಳುತ್ತಾಳಲ್ಲ, ಹಾಗೆ. ಇಷ್ಟು ವರ್ಷ ನಾವು ಅದರ ಪಕ್ಕಕ್ಕೆ ಬಂದು ಬಂದು ಇದ್ದೆವು. ಅದೂ ನಮ್ಮ ಪಕ್ಕದ್ದೇ ಒಂದು ಒಕ್ಕಲು ಎಂದು ನಾನು ಎಣಿಸಿರಲಿಲ್ಲ. ಹೆದರಿಕೆ ಹೋಗಲಿಲ್ಲ. ಆದರೆ ಅದರ ಮೇಲೆ ಇನ್ನೊಂದು ಭಾವ ಏರಿ ಬಂತು. ಇಂಥ ಚರ್ಚು ಇನ್ನಾವ ಊರಿಗಿದೆ?

ಅಂಗಳದ ಆ ತುದಿಯಲ್ಲಿ ಗುಡ್ಡೆ ಹಾಕಿದ್ದ ಒಣ ಎಲೆಗಳನ್ನು ಬುಟ್ಟಿಯಲ್ಲಿ ತುಂಬಿ ತಂದು ಪಟ್ಟಿಯ ಮೇಲೆ ಹರವಿದೆ. ಎರಡನೆಯ ಬುಟ್ಟಿ ಸುರಿಯುವಾಗ ಪಶ್ಚಿಮದ ಗೇಟು ಕಿರುಗುಟ್ಟಿತು. ಚೌರಪ್ಪ ಮಾವ ಗಂಟೆ ಹೊಡೆಯಲು ಬಂದಿದ್ದರು. ಗೇಟಿನಿಂದ ಗಂಟೆಯ ಬಾಗಿಲಿಗೆ ನಲವತ್ತೆರಡು ಹೆಜ್ಜೆ. ಕಣ್ಣು ಮಂಜಾದಾಗಿನಿಂದ ಎಣಿಸಿಯೇ ನಡೆಯುತ್ತಾರೆ. ನಾನು ಬುಟ್ಟಿ ಹಿಡಿದು ನಿಂತೆ. ನಲವತ್ತೆರಡಕ್ಕೆ ಅವರ ಕೈ ಬಾಗಿಲ ಚೌಕಟ್ಟಿಗೆ ಚಾಚಿತು. ಚೌಕಟ್ಟು ಸಿಗಲಿಲ್ಲ. ಅವರು ಹಾಗೆಯೇ ಸ್ವಲ್ಪ ಹೊತ್ತು ಗಾಳಿಯಲ್ಲಿ ಕೈ ಇಟ್ಟು ನಿಂತರು. ಆಮೇಲೆ ಇನ್ನೊಂದು ಹೆಜ್ಜೆ ಇಟ್ಟರು.

"ಯಾರು, ಆಗ್ನೇಸಾ?" ಎಂದರು ತಿರುಗದೆ.

"ಹೌದು ಮಾವ. ಗುಡಿಸ್ತಿದ್ದೆ."

"ವಯಸ್ಸಾಯ್ತು ಮಗಳೇ. ಹೆಜ್ಜೆ ಗಿಡ್ಡ ಆಗ್ತಾ ಬಂತು." ಅವರು ಚೌಕಟ್ಟನ್ನು ಒಮ್ಮೆ ಸವರಿದರು. "ಎಲೆ ಇನ್ನೆರಡು ಬುಟ್ಟಿ ಹಾಕು. ಸಾಲೋದಿಲ್ಲ ಅದು."

ಒಳಗೆ ಹೋಗಿ ಹಗ್ಗ ಹಿಡಿದರು. ಗಂಟೆ ಹೊಡೆಯತೊಡಗಿತು. ಊರಿನ ಬಾಗಿಲುಗಳು ಒಂದೊಂದಾಗಿ ತೆರೆದವು, ಎಲ್ಲೋ ಯಾರೋ ಯಾರಿಗೋ ಪಕ್ಕಕ್ಕೆ ಬಂದಿದ್ದೀವಿ ಎನ್ನುವುದು ಕೇಳಿಸಿತು. ನಾನು ಎಲೆಗಳ ಮೇಲೆ ಕಾಲಿಟ್ಟು ಮೆತ್ತಗೆ ತುಳಿದೆ, ನೆಲ ಒಂದೇ ಸಮ ಕಾಣುವ ಹಾಗೆ. ಮನೆಗೆ ಹೋದಾಗ ಅಮ್ಮ ಇಷ್ಟು ಹೊತ್ತು ಏನು ಮಾಡಿದೆ ಎಂದು ಕೇಳುತ್ತಾಳೆ, ಎಲೆ ಬಹಳ ಬಿದ್ದಿತ್ತು ಎನ್ನುತ್ತೇನೆ. ಫಾದರ್ ವಲೇರಿಯನ್ನರಿಗೂ ಬರೆಯುವುದಿಲ್ಲ, ಬರುವ ಹೊಸ ಗುರುಗಳಿಗೂ ಹೇಳುವುದಿಲ್ಲ, ಚೌರಪ್ಪ ಮಾವನೊಂದಿಗೂ ಈ ಮಾತು ಎತ್ತುವುದಿಲ್ಲ. ಹಾಗೆಂದು ನಿಶ್ಚಯಿಸಿಕೊಂಡು ಮೂರನೆಯ ಬುಟ್ಟಿ ತುಂಬಲು ಹೋದೆ.